ಒಂಟಿ ಬಡಿತ

ಅಫಜಲಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗುರುಶಾಂತಮ್ಮನ ಖಾನಾವಳಿ ಇತ್ತು. ಅದಕ್ಕೆ ಬೋರ್ಡು ಇರಲಿಲ್ಲ. 'ಕಿವುಡಿ ಖಾನಾವಳಿ' ಎಂದರೆ ಸಾಕು, ಬಸ್ಸಿನ ಕಂಡಕ್ಟರನೂ ಕೈ ಮಾಡಿ ದಾರಿ ತೋರಿಸುತ್ತಿದ್ದ. ಆ ಹೆಸರು ಆಕೆಗೆ ಗೊತ್ತಿಲ್ಲವೆಂದು ಊರಿನ ನಂಬಿಕೆ. ಆಕೆಗೆ ಚೆನ್ನಾಗಿಯೇ ಗೊತ್ತಿತ್ತು. ಕಿವಿ ಕೇಳದವರ ಎದುರು ಕೂತರೆ ಜನರ ನಾಲಿಗೆಗೆ ಲಗಾಮು ಇರುವುದಿಲ್ಲ. ಯಾರ ಮನೆಯ ಸೊಸೆ ಹೇಗೆ, ಯಾರ ಹೊಲ ಯಾರು ಒತ್ತಿದರು, ಎಲ್ಲವನ್ನೂ ಅವರು ರೊಟ್ಟಿ ಮುರಿಯುತ್ತ ಬಿಚ್ಚಿಡುತ್ತಿದ್ದರು. ಗುರುಶಾಂತಮ್ಮ ಅವರ ತುಟಿ ಓದುತ್ತ ರೊಟ್ಟಿ ಬಡಿಯುತ್ತಿದ್ದಳು. ತನ್ನ ಮಾತೆತ್ತಿದ ಗಿರಾಕಿಗೆ ಎರಡನೆಯ ಸಲ ಪಲ್ಯ ಬರುತ್ತಿರಲಿಲ್ಲ, ಅಷ್ಟೇ.

ಆಕೆ ಹುಟ್ಟುಗಿವುಡಿಯಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳು, ಮಗಳು ಶಾರದಾ ಇನ್ನೂ ತೊಟ್ಟಿಲಲ್ಲಿದ್ದಳು, ಆಗ ತಾಯಿಗೆ ವಿಷಮಜ್ವರ ಬಂದಿತ್ತು. ಜ್ವರ ಬಿಟ್ಟ ದಿನ ಆಕೆ ಗಂಡ ಕಲ್ಯಾಣಪ್ಪನನ್ನು ಕೇಳಿದ್ದು ಒಂದೇ ಮಾತು: "ಕೂಸು ಬಾಯಿ ತೆಗೆದು ಅಳಾಕತ್ತದ, ದನಿ ಯಾಕ ಬರವಲ್ದು?" ಕಲ್ಯಾಣಪ್ಪ ಬಾಗಿಲ ಕಡೆ ಮುಖ ತಿರುಗಿಸಿಕೊಂಡು ನಿಂತುಬಿಟ್ಟ. ಮಗುವಿನ ದನಿ ಸರಿಯಾಗಿಯೇ ಇತ್ತು. ಕೆಲವು ವರ್ಷಗಳಲ್ಲಿ ಅವನೂ ತೀರಿಕೊಂಡ. ಆಕೆಯ ಮಾತು ಮಾತ್ರ ಉಳಿಯಿತು, ಅದರ ಹದ ಹೋಯಿತು. ತನ್ನ ದನಿ ತನಗೇ ಕೇಳದ ಮೇಲೆ ಹಗೂರ ಯಾವುದು, ಜೋರು ಯಾವುದು? ಗುಟ್ಟೆಂದು ಹೇಳಿದ್ದು ಓಣಿಗೆಲ್ಲ ಡಂಗುರವಾಗುತ್ತಿತ್ತು.

ಒಲೆಗೆ ಮುಖ ಮಾಡಿ ಕೂತ ತಾಯಿಯನ್ನು ಬೆನ್ನ ಹಿಂದಿನಿಂದ ಕರೆಯುವುದು ಹೇಗೆ? ಇದಕ್ಕೆ ಉಪಾಯ ಕಂಡುಕೊಂಡವಳು ಶಾರದಾ. ಅಂಬೆಗಾಲಿಡುವ ವಯಸ್ಸಿನಲ್ಲೇ ನೆಲದ ಪರಸಿ ಕಲ್ಲಿನ ಮೇಲೆ ಅಂಗೈಯಿಂದ ಬಡಿಯಲು ಕಲಿತಳು. ಬಡಿದದ್ದು ಗುರುಶಾಂತಮ್ಮನ ತೊಡೆಗೆ, ಮೊಣಕಾಲಿಗೆ ತಾಗುತ್ತಿತ್ತು. "ಹಸಿವು ಆಗ್ಯದೇನು?" ಎಂದು ತಾಯಿ ಒಲೆ ಕಡೆ ನೋಡುತ್ತಲೇ ಕೇಳಿದರೆ ನೆಲಕ್ಕೆ ಎರಡು ಬಡಿತ ಬೀಳುತ್ತಿದ್ದವು. ಎರಡು ಎಂದರೆ ಹೂಂ. ಮೂರು ಎಂದರೆ ಒಲ್ಲೆ, ಇಲ್ಲ. ಒಂದಕ್ಕೆ ಅವರ ಮನೆಯಲ್ಲಿ ಜಾಗವೇ ಇರಲಿಲ್ಲ. ಒಂಟಿ ಸೀನಿಗೆ ಹೊಸ್ತಿಲು ದಾಟದೆ ಕೂತುಬಿಡುವ ಜನ ಅವರು. ಒಂಟಿ ಬಡಿತವನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆಯೇ? ಹುಡುಗಿ ಆಟಕ್ಕೆ ಒಂದು ಬಡಿದು ಓಡಿಹೋದರೆ ಗುರುಶಾಂತಮ್ಮ ಹಿಟ್ಟಿನ ಕೈಯಿಂದಲೇ ನೆಲಕ್ಕೆ ಇನ್ನೊಂದು ಬಡಿದು ಜೋಡಿ ಮಾಡುತ್ತಿದ್ದಳು. ಆಮೇಲೆಯೇ ಆಕೆಗೆ ಸಮಾಧಾನ.

ತೊಂಬತ್ತರ ಸುಮಾರಿಗೆ ಶಾರದಾಳನ್ನು ಜೇವರ್ಗಿ ತಾಲ್ಲೂಕಿನ ಅಂದೋಲಾಕ್ಕೆ ಕೊಟ್ಟರು. ಹುಡುಗ ಜಗದೇವಪ್ಪ, ತೊಗರಿ ವ್ಯಾಪಾರದವರ ಒಬ್ಬನೇ ಮಗ. ಮಾವ ಇರಲಿಲ್ಲ, ಅತ್ತೆ ಅಂಬುಬಾಯಿಯದೇ ಯಜಮಾನಿಕೆ. ಆ ಮನೆಯ ಪಡಸಾಲೆಯಲ್ಲಿ ಕಸೂತಿ ಬಟ್ಟೆ ಹೊದ್ದ ಕರಿ ಟೆಲಿಫೋನು ಇತ್ತು. ಬೀಗರ ಮನೆ ನೋಡಲು ಹೋದವರೆಲ್ಲ ಅದನ್ನು ಮುಟ್ಟಿ ಬಂದರು. ಗುರುಶಾಂತಮ್ಮ ಮುಟ್ಟಲಿಲ್ಲ. ಮಗಳು ಬಸ್ಸು ಹತ್ತುವಾಗ ಕಣ್ಣೊರೆಸಿಕೊಂಡು ಹೇಳಿದಳು:

"ಎರಡು, ಮೂರು ನಿನ್ನ ಗಂಡಗ ಬೇಕಾದ್ರ ಕಲಿಸು. ಒಂದರ ಮಾತು ಯಾರಿಗೂ ಹೇಳಬ್ಯಾಡ. ನೀ ಒಂದ ಬಡದ್ರ ನಾ ಕೈಯಾಗಿಂದು ಅಲ್ಲೇ ಒಗದು ಬರ್ತೇನಿ."

"ಅಲ್ಲಿಂದ ಬಡದ್ರ ನಿನಗ ಹೆಂಗ ಗೊತ್ತಾಗ್ತದ ಬೇ ಯವ್ವಾ?" ಎಂದು ಶಾರದಾ ಅಳುತ್ತಲೇ ನಕ್ಕಿದ್ದಳು.

ಅದು ನಿಜವೇ ಆಗಿತ್ತು. ತಾಯಿ ಎರಡು ತಿಂಗಳು ತಡೆದಳು. ಆಮೇಲೆ ಒಂದು ಸೋಮವಾರ ಊಟದ ಗಿರಾಕಿ ಮುಗಿದ ಮೇಲೆ ನಿಲ್ದಾಣದ ಎದುರು ಹುಸೇನಸಾಬ ಹೊಸದಾಗಿ ತೆಗೆದಿದ್ದ ಎಸ್‌ಟಿಡಿ ಬೂತಿಗೆ ಹೋಗಿ ನಂಬರಿನ ಚೀಟಿ ಮುಂದೆ ಹಿಡಿದಳು. ಹುಸೇನಸಾಬ ಗಡ್ಡ ಬೋಳಿಸಿಕೊಳ್ಳುವ ಮನುಷ್ಯ, ತುಟಿ ಓದಲು ತೊಂದರೆಯಿರಲಿಲ್ಲ.

"ನಿಮಗ ಫೋನ್ ಯಾತಕ್ರೀ ಅಕ್ಕಾ? ನಾನ ಮಾತಾಡಿ ಏನಂದ್ರು ಅಂತ ಹೇಳ್ತೇನಿ."

"ಅದು ನಿನ್ನ ಕೂಡ ಮಾತಾಡಿದಂಗ ಆತಪ್ಪ. ನನ್ನ ಕೂಡ ಎಲ್ಲಿ ಆತು?"

ಅವನು ನಗುತ್ತ ನಂಬರು ತಿರುಗಿಸಿ, ಶಾರದಾಳನ್ನು ಕರೆಸಿ, ರಿಸೀವರನ್ನು ಆಕೆಯ ಕೈಗೆ ಕೊಟ್ಟ. ಗುರುಶಾಂತಮ್ಮ ಅದನ್ನು ಎಲ್ಲರಂತೆ ಕಿವಿಗೆ ಹಿಡಿದಳು. ಏನೂ ಇಲ್ಲ. ಸಿಟ್ಟು ಬಂದು ಕಿವಿಯ ಕೆಳಗಿನ ದವಡೆ ಎಲುಬಿಗೆ ಒತ್ತಿದಳು. "ಶಾರದಾ, ಅದೀ ಏನ್?" ಎಂದಳು. ಆ ತುದಿಯಲ್ಲಿ ಮಗಳಿಗೆ ಏನು ಹೊಳೆಯಿತೋ, ಪರಸಿಯ ಮೇಲೆ ಬಡಿಯುತ್ತಿದ್ದ ಹಾಗೆ ಫೋನಿನ ಬಾಯಿಗೆ ಕೈ ಬಡಿದಳು. ತಾಯಿಯ ಎಲುಬಿನೊಳಗೆ ಎರಡು ಬಡಿತ ಬಂದವು. ಒಂದೊಂದರ ಬೆನ್ನಿಗೂ ಗಾಜಿನ ಬಳೆಗಳ ಸಣ್ಣ ನಡುಕ ಇತ್ತು. ಗುರುಶಾಂತಮ್ಮ ಬೂತಿನ ಗಾಜಿಗೆ ಹಣೆ ಒರಗಿಸಿ ಅತ್ತುಬಿಟ್ಟಳು. ಹುಸೇನಸಾಬ ಮೀಟರು ನೋಡುವುದನ್ನೇ ಮರೆತ.

ಅಲ್ಲಿಂದ ಸೋಮವಾರವೆಂದರೆ ಫೋನು. ಹೂಂ, ಇಲ್ಲ ಎರಡರಲ್ಲೇ ಸಂಸಾರದ ಸುದ್ದಿಯೆಲ್ಲ ಮುಗಿಯಬೇಕು. ಏನು ಅಡುಗೆ ಎಂದು ಕೇಳಿದರೆ ಉತ್ತರವಿಲ್ಲ, ಪುಂಡಿಪಲ್ಯವೇ, ಅಲ್ಲ, ಹೆಸರುಕಾಳೇ, ಅಲ್ಲ, ಹೀಗೆ ಊಹಿಸುತ್ತ ಹೋಗಬೇಕು. ಸರಿಯಾದದ್ದು ಸಿಕ್ಕಾಗ ಆ ಎರಡು ಬಡಿತದಲ್ಲಿ ಮಗಳ ನಗು ಇರುತ್ತಿತ್ತು. ಗುರುಶಾಂತಮ್ಮನ ದನಿ ಏರಿದಾಗಲೆಲ್ಲ ಹುಸೇನಸಾಬ ಗಾಜಿನ ಆಚೆಯಿಂದ ಅಂಗೈಯನ್ನು ಕೆಳಕ್ಕೆ ಇಳಿಸಿ ತೋರಿಸುತ್ತಿದ್ದ. ಆಕೆ ತಗ್ಗಿಸುತ್ತಿದ್ದಳು, ಮರುಗಳಿಗೆ ಮರೆಯುತ್ತಿದ್ದಳು.

ಮೂರು ವರ್ಷವಾದರೂ ಶಾರದಾಳಿಗೆ ಮಕ್ಕಳಾಗಲಿಲ್ಲ. ಬಡಿತಗಳಲ್ಲಿದ್ದ ನಗು ಯಾವಾಗ ಆರಿತೋ ತಾಯಿಗೆ ಹೇಳಲು ಬರದು. ಆರಿದ್ದು ಮಾತ್ರ ನಿಜ. ಕೇಳಿದರೆ ಆರಾಮ ಎಂದೇ ಎರಡು ಬಡಿಯುತ್ತಿದ್ದಳು. ಆ ವರ್ಷ ಶ್ರಾವಣದ ಹೊಸ್ತಿಲಲ್ಲಿ "ಪಂಚಮಿಗೆ ಕಳಸ್ತಾರೇನ್?" ಎಂದು ಕೇಳಿದಾಗ ಮೂರು ಬಂದವು. ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ಹಬ್ಬ ಅದು. ಮಗಳನ್ನು ಕಳಿಸದ ಅತ್ತೆಯ ಮೇಲೆ ಗುರುಶಾಂತಮ್ಮನಿಗೆ ಕೆಂಡದಂಥ ಕೋಪ ಬಂತು.

ಅದೇ ವಾರ ಖಾನಾವಳಿಯಲ್ಲಿ ಜೇವರ್ಗಿ ಕಡೆಯ ಇಬ್ಬರು ದಲಾಲರು ಊಟಕ್ಕೆ ಕೂತರು. ಕಿವುಡಿಯ ಎದುರು ಇನ್ನೇನು ಮುಲಾಜು? ಒಬ್ಬನ ತುಟಿ ಹೀಗೆ ಅಲ್ಲಾಡಿತು: "ಅಂದೋಲಾದ ತೊಗರಿ ಜಗದೇವಪ್ಪಗ ಎರಡನೇ ಹೆಣ್ಣು ನೋಡಾಕತ್ತಾರ. ಶ್ರಾವಣದಾಗ ಮಾತು ಮುಗಸ್ತಾರಂತ." ಇನ್ನೊಬ್ಬ ಕೇಳಿದ: "ಮೊದಲನೇದ್ದು?" "ಅದು ತಾನಾಗೇ ಹೋತು ಅಂದ್ರ ಛಲೋ ಆತು. ಹೋಗದಿದ್ರ ನೋಡಬೇಕು." ಗುರುಶಾಂತಮ್ಮನ ಕೈಯಲ್ಲಿದ್ದ ರೊಟ್ಟಿ ಹರಿದು ಹೋಯಿತು.

ಸೋಮವಾರ ಬೂತಿಗೆ ಹೋದವಳು ಊಟ ಕೇಳಲಿಲ್ಲ, ಅಡುಗೆ ಕೇಳಲಿಲ್ಲ.

"ಮನಿಗಿ ಇನ್ನೊಬ್ಬಾಕಿನ್ನ ತರೋ ಮಾತು ನಡದದೇನ್?"

ಎರಡು ಬಡಿತ.

"ನೀ ಒಪ್ಪೀ ಏನ್?"

ಮೂರು. ಗಟ್ಟಿಯಾಗಿ.

"ಎಲ್ಲಾ ಬಿಟ್ಟು ನನ್ನ ಕಡಿ ಬಂದು ಬಿಡ್ತೀ ಏನ್?"

ಮತ್ತೆ ಮೂರು. ತಾಯಿಯ ಹಟವೇ ಮಗಳಿಗೂ ಇತ್ತು; ತನ್ನ ಮನೆಯನ್ನು ತಾನೇ ಬಿಟ್ಟು ಏಕೆ ಬರಬೇಕು? ಗುರುಶಾಂತಮ್ಮನ ತಲೆ ಕಾದುಹೋಯಿತು. "ನಿಮ್ಮ ಅತ್ತಿಗಿ ಹೇಳು. ನಾ ಊರ ಪಂಚರನ್ನ ಕರಕೊಂಡು ಬರ್ತೇನಿ. ಜೇವರ್ಗಿ ಪೊಲೀಸ್ ಠಾಣೆಕ್ಕ ಹೋಗ್ತೇನಿ. ನೀ ಬಡದು ಹೇಳಿದ್ದು ನನಗೆಲ್ಲಾ ಗೊತ್ತದ ಅಂತ ಹೇಳು." ಹುಸೇನಸಾಬ ಅಂಗೈ ಇಳಿಸಿದ, ಇಳಿಸಿದ, ಕೊನೆಗೆ ಬಾಗಿಲು ತೆಗೆದು ಒಳಗೇ ಬಂದ. ರಸ್ತೆಯಲ್ಲಿದ್ದವರು ತಿರುಗಿ ನೋಡುತ್ತಿದ್ದರು. ದವಡೆಗೆ ಮತ್ತೇನೂ ಬರಲಿಲ್ಲ. ಲೈನು ಹೋಗಿದೆ ಎಂದು ಹುಸೇನಸಾಬ ಕೈ ಆಡಿಸಿ ಹೇಳಿದ.

ಗಾಜಿನ ಹೊರಗಿನವರಿಗೇ ಕೇಳಿದ್ದು ಆ ತುದಿಯ ಪಡಸಾಲೆಯಲ್ಲಿ ಕೂತವರಿಗೆ ಕೇಳದೆ ಇದ್ದೀತೆ? ಗುರುಶಾಂತಮ್ಮನಿಗೆ ಇದು ಹೊಳೆದದ್ದು ಆಮೇಲೆ. ಪಾಪ, ತನ್ನ ದನಿ ಎಷ್ಟು ದೂರ ಹೋಗುತ್ತದೆಂದು ಆಕೆಗೆ ಯಾವಾಗ ತಾನೇ ಗೊತ್ತಿತ್ತು.

ಪಂಚಮಿ ಬಂತು, ಹೋಯಿತು. ಓಣಿಯ ಹೆಣ್ಣುಮಕ್ಕಳೆಲ್ಲ ಕೈತುಂಬ ಹಸಿರು ಬಳೆ ತೊಟ್ಟು ಜೋಕಾಲಿ ಆಡಿದರು. ಮುಂದಿನ ಸೋಮವಾರ ಗುರುಶಾಂತಮ್ಮ ಬೂತಿನಲ್ಲಿ ನಿಂತು, ದನಿ ತಗ್ಗಿದೆ ಎಂದುಕೊಂಡು ಕೇಳಿದಳು:

"ಶಾರದಾ, ಉಂಡೀ ಏನ್?"

ಎರಡು ಬಡಿತ ಬಂದವು. ಬಡಿತ ಸರಿಯಾಗಿತ್ತು. ಅದರ ಬೆನ್ನಿಗೆ ಬಳೆ ಇರಲಿಲ್ಲ.

ಆಕೆ ರಿಸೀವರನ್ನು ಇನ್ನಷ್ಟು ಒತ್ತಿದಳು. "ಆರಾಮ ಇದ್ದೀ ಏನ್?" ಎರಡು. ಬೋಳು ಬಡಿತ. ಪಂಚಮಿಯ ವಾರದಲ್ಲಿ ತೊಟ್ಟಿಲ ಕೂಸಿನ ಕೈಗೂ ಬಳೆ ಇರುತ್ತದೆ. ಈ ವಾರ ಬರಿಗೈ ಇರುವುದು ಎಂಥ ಹೆಂಗಸಿಗೆ? ಗುರುಶಾಂತಮ್ಮ ರಿಸೀವರು ಹಿಡಿದ ತನ್ನ ಮಣಿಕಟ್ಟನ್ನೇ ನೋಡಿದಳು. ಕಲ್ಯಾಣಪ್ಪ ಹೋದ ದಿನದಿಂದ ಅದು ಬರಿದಾಗಿತ್ತು.

"ಜಗದೇವಪ್ಪ ಆರಾಮ ಅದಾನೇನ್?"

ಸ್ವಲ್ಪ ತಡವಾಗಿ ಎರಡು ಬಂದವು. ಆ ತಡವೇ ಆಕೆಯ ಎದೆಗೆ ಇರಿಯಿತು. ಸಾವಿನ ಸುದ್ದಿಯನ್ನು ನಮ್ಮ ಕಡೆ ಫೋನಿನಲ್ಲಿ ಯಾರು ನೇರವಾಗಿ ಹೇಳುತ್ತಾರೆ? ಮೈಯಲ್ಲಿ ಆರಾಮಿಲ್ಲ, ಬಂದು ಹೋಗಿ ಎನ್ನುತ್ತಾರೆ; ಎಲ್ಲ ಛಲೋ ಇದೆ ಎಂದೂ ಹೇಳುತ್ತಾರೆ. ಒಬ್ಬಳೇ ಇರುವ ತಾಯಿ ಬೂತಿನಲ್ಲೇ ಕುಸಿದಾಳೆಂದು ಮಗಳು ಸುಳ್ಳು ಬಡಿಯುತ್ತಿದ್ದಾಳೆ. ಗುರುಶಾಂತಮ್ಮ ಹಾಗೆ ತಿಳಿದಳು. ಆಕೆಯ ಜಾಗದಲ್ಲಿ ಯಾವ ತಾಯಿ ಇದ್ದರೂ ಹಾಗೆಯೇ ತಿಳಿಯುತ್ತಿದ್ದಳು.

"ಫೋನ್ ಯಾರು ಎತ್ತಿದ್ರು?" ಎಂದು ಹುಸೇನಸಾಬನನ್ನು ಕೇಳಿದಳು. ಯಾವಾಗಲೂ ಎತ್ತುತ್ತಿದ್ದವಳು ಅಂಬುಬಾಯಿ. ಅವನು ಮೇಲ್ದುಟಿಯ ಮೇಲೆ ಬೆರಳಾಡಿಸಿ ಮೀಸೆ ತೋರಿಸಿದ. "ಯಾರೋ ಗಂಡಸರ್ರೀ ಅಕ್ಕಾ. ದನಿ ಭಾರ ಇತ್ತು. ಮತ್ತೊಮ್ಮೆ ಹಚ್ಚಲೇನ್ರಿ?" ಮತ್ತೊಮ್ಮೆ ಹಚ್ಚಿದ. ಗಂಟೆ ಹೋಯಿತು, ಯಾರೂ ಎತ್ತಲಿಲ್ಲ. ಮನೆಯಲ್ಲಿ ಗಂಡಸರು ಸೇರಿದ್ದಾರೆ, ದನಿ ಭಾರವಾಗಿದೆ, ಫೋನು ಎತ್ತುವವರಿಲ್ಲ. ಇನ್ನೇನು ಉಳಿಯಿತು?

ಗಂಡ ಸತ್ತ ಹೆಣ್ಣುಮಗಳಿಗೆ ತವರಿನವರು ಸಾದಾ ಸೀರೆ ಒಯ್ಯಬೇಕು. ಗುರುಶಾಂತಮ್ಮನಿಗೆ ಆಕೆಯ ಅಣ್ಣ ತಂದಿದ್ದ. ಬಟ್ಟೆ ಅಂಗಡಿಯವನು ಹಬ್ಬದ ಬಣ್ಣದ ಸೀರೆಗಳನ್ನು ಹರವಿದ. ಆಕೆ ಮೂಲೆಯ ಬಣ್ಣವಿಲ್ಲದ ಸೀರೆಯ ಕಡೆ ಬೆರಳು ತೋರಿಸಿದಾಗ ಅವನು ಮರುಮಾತಾಡದೆ ಕಾಗದದಲ್ಲಿ ಸುತ್ತಿಕೊಟ್ಟ. ಮಗಳಿಗೆ ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಮರುದಿನ ಬೆಳಿಗ್ಗೆ ಒಲೆ ಹಚ್ಚದೆ, ಆ ಗಂಟನ್ನು ಬಗಲಲ್ಲಿ ಇಟ್ಟುಕೊಂಡು ಜೇವರ್ಗಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತೊಗರಿ ಹಸಿರಾಗಿತ್ತು. ಆಕೆ ಗಂಟಿನ ಕಡೆಯೂ ನೋಡಲಿಲ್ಲ, ಹೊರಗೂ ನೋಡಲಿಲ್ಲ.

ಜೇವರ್ಗಿಯಲ್ಲಿ ಬಸ್ಸು ಬದಲಿಸಿ ಅಂದೋಲಾದಲ್ಲಿ ಇಳಿದು ಓಣಿ ತಿರುಗಿದಳು. ಸಾವಾದ ಮನೆಯ ಮುಂದೆ ಟವೆಲು ಹೊದ್ದ ಗಂಡಸರು ಕೂತಿರಬೇಕು, ಹೆಂಗಸರು ಹೋಗಿಬರುತ್ತಿರಬೇಕು. ಯಾರೂ ಇರಲಿಲ್ಲ. ಕಟ್ಟೆಯ ಮೇಲೆ ಹೊಸ ಅಂಗಿ ತೊಟ್ಟು, ಎಲೆ ಅಡಿಕೆ ಜಗಿಯುತ್ತ ಜಗದೇವಪ್ಪ ಕೂತಿದ್ದ.

ಗುರುಶಾಂತಮ್ಮ ಎದುರು ಮನೆಯ ಗೋಡೆ ಹಿಡಿದುಕೊಂಡಳು. ಅಳಿಯ ಬದುಕಿದ್ದಾನೆ, ಮಗಳು ಮುತ್ತೈದೆ, ತಾನು ಎಂಥ ಕೆಟ್ಟ ವಿಚಾರ ಮಾಡಿದೆ. "ಬಸವಣ್ಣ, ನೀ ದೊಡ್ಡಾಂವ" ಎಂದು ಕೈ ಮುಗಿದಳು. ಸೀರೆಯ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಯಾರಾದರೂ ಕಂಡರೆ ಏನು ಹೇಳುವುದು? ಆ ಸಂತೋಷ ಕಟ್ಟೆ ಮುಟ್ಟುವವರೆಗೆ ಇತ್ತು. ಜಗದೇವಪ್ಪ ತಲೆಯೆತ್ತಿ ಆಕೆಯನ್ನು ಕಂಡ. ಅವನ ಬಾಯಿ ಜಗಿಯುವುದನ್ನು ನಿಲ್ಲಿಸಿತು. ಆಗ ಆಕೆಗೆ ಅನ್ನಿಸಿತು: ಇವನು ಬದುಕಿದ್ದರೆ ಮಗಳ ಕೈಯಲ್ಲಿ ಬಳೆ ಏಕಿರಲಿಲ್ಲ? ಫೋನಿಗೆ ಬಡಿದ ಕೈ ಯಾರದು? ಆಕೆ ಅವನ ಕೈಯನ್ನು ನೋಡಿದಳು. ಅವನು ಅದನ್ನು ತೊಡೆಯ ಕೆಳಗೆ ಎಳೆದುಕೊಂಡ.

"ಅತ್ತಿ, ಬರ್ರಿ" ಎಂದಿತು ಅವನ ತುಟಿ.

"ಶಾರದಾ ಎಲ್ಲಿ?"

ಅಂಬುಬಾಯಿ ಹೊರಗೆ ಬಂದಳು. ಮೊದಲು ಮಗನ ಕಡೆ ತಿರುಗಿ, ಬಾಯಿ ಕಾಣದ ಹಾಗೆ ಏನೋ ಹೇಳಿದಳು. ಆಮೇಲೆ ಇತ್ತ ತಿರುಗಿ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು: "ಕಲಬುರ್ಗಿಗಿ ಹೋಗ್ಯಾಳ್ರಿ ಬೀಗರ. ಶರಣಪ್ಪನ ಗುಡಿಗಿ. ಸಂಜಿಗಿ ಬರ್ತಾಳ. ನೀವು ಊಟ ಮಾಡಿ ಹೋಗ್ರಿ, ಬಸ್ಸು ತಪ್ಪತದ."

ಓಣಿಯಲ್ಲಿ ಬಳೆಗಳ ಗಂಟು ಹೊತ್ತು ಪೀರಬಿ ಹೊರಟಿದ್ದಳು. ಆ ಮನೆಗೆ ಬಳೆ ತೊಡಿಸುವವಳು ಆಕೆಯೇ, ಮದುವೆಯಲ್ಲಿ ಗುರುಶಾಂತಮ್ಮನೂ ಆಕೆಯನ್ನು ಕಂಡಿದ್ದಳು. ಈಗ ಗುರುಶಾಂತಮ್ಮನನ್ನು ಕಂಡು ಪೀರಬಿ ಬೆರಗಾಗಿ ನಿಂತಳು. ಎಲೆ ಹಾಕಿ ಕೆಂಪಾದ ಆಕೆಯ ತುಟಿಯನ್ನು ಓದುವುದು ಸುಲಭವಿತ್ತು.

"ಇದೇನ್ರೀ ಅಕ್ಕಾ, ನೀವಿಲ್ಲಿ? ಶಾರದವ್ವ ಪಂಚಮಿಗಿ ನಿಮ್ಮ ಮನಿಗೇ ಹೋಗ್ಯಾಳಲ್ಲ? ನಾ ಬಳಿ ತೊಡಸಾಕ ಬಂದಾಗ ಅತ್ತಿಯವರು ಹಂಗ ಹೇಳಿದ್ರು."

ಗುರುಶಾಂತಮ್ಮ ಬೀಗತಿಯ ಕಡೆ ತಿರುಗಿದಳು. ಅಂಬುಬಾಯಿಯ ಬಾಯಿ ಮುಚ್ಚಿತ್ತು, ಕಣ್ಣು ಮಾತ್ರ ಒಂದು ಗಳಿಗೆ ಮನೆಯೊಳಕ್ಕೆ, ಪಡಸಾಲೆಯ ಹಿಂದಕ್ಕೆ ಹೋಗಿ ಬಂತು. ಬಾಯಿ ಬಿಡದವರ ಕಣ್ಣು ಓದುವುದನ್ನೂ ಗುರುಶಾಂತಮ್ಮ ಇಪ್ಪತ್ತು ವರ್ಷ ಮಾಡಿದ್ದಳು. ಆಕೆ ಯಾರನ್ನೂ ಕೇಳದೆ ಒಳಗೆ ನಡೆದಳು. ಪೀರಬಿ ಗಂಟು ಕಟ್ಟೆಯ ಮೇಲೆ ಇಳಿಸಿ ಹಿಂದೆ ಬಂದಳು.

ಪಡಸಾಲೆಯಲ್ಲಿ ಕಸೂತಿ ಬಟ್ಟೆಯ ಕೆಳಗೆ ಫೋನು ಕೂತಿತ್ತು. ಅದರ ಹಿಂದೆ ಅಡುಗೆ ಮನೆ, ಅದರ ಹಿಂದೆ ಕಿಟಕಿಯಿಲ್ಲದ ಕಾಳಿನ ಕೋಣೆ. ದಪ್ಪ ಕಲ್ಲಿನ ಗೋಡೆ, ದಪ್ಪ ಹಲಗೆಯ ಬಾಗಿಲು. ಹಳೆಯ ಚಿಲಕಕ್ಕೆ ಹೊಸ ಬೀಗ ಹಾಕಿದ್ದರು. ಅಂಬುಬಾಯಿ ಓಡಿಬಂದು ಬಾಗಿಲಿಗೆ ಅಡ್ಡ ನಿಂತು "ತೊಗರಿ ಅದರೀ ಅದರಾಗ, ತೊಗರಿ" ಎಂದಳು. ಗುರುಶಾಂತಮ್ಮ ಆಕೆಯನ್ನು ಹೆಗಲಿನಿಂದ ಸರಿಸಿದಳು. ರೊಟ್ಟಿ ಬಡಿದು ಗಟ್ಟಿಯಾದ ಹೆಗಲು ಅದು. ಬಾಗಿಲ ಹಲಗೆಗೆ ದವಡೆಯ ಎಲುಬು ಒತ್ತಿ, ಸೋಮವಾರ ಕೇಳುವ ಹಾಗೆಯೇ ಕೇಳಿದಳು:

"ಶಾರದಾ, ಅದೀ ಏನ್?"

ಏನೂ ಬರಲಿಲ್ಲ. ಹಲಗೆ ತಣ್ಣಗಿತ್ತು. ಹಿಂದೆ ಜಗದೇವಪ್ಪ ಬಂದು ನಿಂತದ್ದು ನೆಲದಿಂದ ಆಕೆಯ ಕಾಲಿಗೆ ತಿಳಿಯಿತು.

"ಉಂಡೀ ಏನ್?"

ಏನೂ ಇಲ್ಲ.

"ಆರಾಮ ಇದ್ದೀ ಏನ್, ನನ ಕೂಸ?"

ಆಗ ಎಲುಬಿಗೆ ಬಂತು. ಬಳೆಯಿಲ್ಲದ, ಬಲವಿಲ್ಲದ ಬಡಿತ. ಒಂದೇ ಒಂದು. ಆಕೆ ಇನ್ನೊಂದಕ್ಕೆ ಕಾದಳು, ಬರಲಿಲ್ಲ. ಪೀರಬಿಯ ಮುಖ ನೋಡಿದಳು. ಪೀರಬಿ ತಲೆಯಾಡಿಸಿದಳು. "ನನಗೇನೂ ಕೇಳಸವಲ್ದು ಅಕ್ಕಾ. ಒಳಗ ಯಾರೂ ಇಲ್ಲ ಅನಸ್ತದ."

ಗುರುಶಾಂತಮ್ಮ ಕೈಯಲ್ಲಿದ್ದ ಸೀರೆಯ ಗಂಟನ್ನು ಅಲ್ಲೇ ಒಗೆದಳು.

"ಕೀಲಿ ತರ್ರಿ" ಎಂದಳು. ಅಂಗೈ ಇಳಿಸಿ ತೋರಿಸಲು ಇಲ್ಲಿ ಹುಸೇನಸಾಬ ಇರಲಿಲ್ಲ. ಆಕೆಯ ದನಿ ಪಡಸಾಲೆ ದಾಟಿ, ಕಟ್ಟೆ ದಾಟಿ ಓಣಿಗೆ ಹೋಯಿತು. "ಒಳಗ ನನ್ನ ಮಗಳು ಅದಾಳ. ಕೀಲಿ ತರ್ರಿ. ಊರವರೆಲ್ಲಾ ಬರ್ರಿ." ಅದೇ ಮಾತನ್ನು ಮತ್ತೆ ಮತ್ತೆ ಕೂಗಿದಳು. ಮೊದಲು ಎದುರು ಮನೆಯವರು ಬಂದರು, ಆಮೇಲೆ ಪಕ್ಕದವರು, ಆಮೇಲೆ ಪಡಸಾಲೆ ತುಂಬಿತು. ಎಷ್ಟೋ ದಿನಗಳಿಂದ ಆ ಮನೆಯ ಒಳಗಿನ ದನಿ ಯಾರಿಗೂ ಕೇಳಿರಲಿಲ್ಲವಂತೆ. ಕೇಳಿರಲಿಲ್ಲವೋ, ಕೇಳಿಸಿಕೊಂಡಿರಲಿಲ್ಲವೋ, ಅದನ್ನು ಅವರೇ ಹೇಳಬೇಕು. ಜಗದೇವಪ್ಪ ತಾಯಿಯ ಮುಖ ನೋಡಿದ, ಜನರ ಮುಖ ನೋಡಿದ, ಕೊನೆಗೆ ಉಡಿದಾರದಿಂದ ಕೀಲಿಕೈ ಬಿಚ್ಚಿ ಪೀರಬಿಯ ಕೈಗೆ ಕೊಟ್ಟ.

ಬಾಗಿಲು ಪೂರ್ತಿ ತೆರೆಯಲಿಲ್ಲ, ಹಿಂದೆ ಶಾರದಾ ಬಿದ್ದಿದ್ದಳು. ಸಂದಿಯಲ್ಲೇ ಗುರುಶಾಂತಮ್ಮ ಒಳಗೆ ನುಗ್ಗಿದಳು. ಮಗಳ ಮೈ ಜ್ವರದಿಂದ ಸುಡುತ್ತಿತ್ತು. ಎಡಗೈ ಮೊಣಕೈಯವರೆಗೆ ಬಾತು ಹೋಗಿತ್ತು. ಬಲಗೈ ಮಣಿಕಟ್ಟಿನಲ್ಲಿ ಒಡೆದ ಗಾಜಿನ ಗೀರುಗಳು ಕಪ್ಪಾಗಿದ್ದವು. ಆ ಕೈಯೇ ಬಾಗಿಲಿಗೆ ತಾಗಿಕೊಂಡು ಬಿದ್ದಿತ್ತು. ಅವಳು ಕಣ್ಣು ತೆರೆದು ತಾಯಿಯನ್ನು ಕಂಡಳು, ಆ ಕೈ ಎತ್ತಲು ಹೋದಳು, ಆಗಲಿಲ್ಲ.

"ಸಾಕು, ಸಾಕು. ನನಗ ಮುಟ್ಟೇದ" ಎಂದಳು ಗುರುಶಾಂತಮ್ಮ. ಮಗಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕೂತಳು. ಆಮೇಲೆ ತನ್ನ ಅಂಗೈಯಿಂದ ನೆಲದ ಪರಸಿಗೆ ಒಂದು ಸಲ ಬಡಿದಳು. ಮಗಳ ಬಡಿತವನ್ನು ಒಂಟಿಯಾಗಿ ಬಿಡಬಾರದು. ತೊಡೆಯ ಮೇಲಿನ ತಲೆ ಸಣ್ಣಗೆ ಅಲುಗಿದ್ದು ಆಕೆಗೆ ತಿಳಿಯಿತು.